ಎಲೆಯ ನಾಡಿ

ಮುಖ ಬಿಳಿಚಿಕೊಂಡ ರೋಗಿಯನ್ನು ಕಂಡೊಡನೆ ವೈದ್ಯನು ರಕ್ತಹೀನತೆಯನ್ನು ಶಂಕಿಸುವಂತೆ, ಹಳದಿಗೆ ತಿರುಗಿದ ಪೈರನ್ನು ಕಂಡ ಬೇಸಾಯಗಾರನು ಗೊಬ್ಬರದ ಕೊರತೆಯನ್ನು ಶಂಕಿಸುತ್ತಾನೆ. ಆದರೆ ಬರಿಗಣ್ಣಿಗೆ ಮೋಡದ ದಿನದ ಹಸಿರು ಒಂದು, ಸುಡುಬಿಸಿಲಿನ ಹಸಿರು ಇನ್ನೊಂದು. ಸಂದೇಹ ಬಂದಾಗ ಇರಲೆಂದು ಇನ್ನಷ್ಟು ಯೂರಿಯಾ ಎರಚಿಬಿಡುವವರು ಕಡಿಮೆಯಿಲ್ಲ. ಅಗತ್ಯಕ್ಕೆ ಮೀರಿ ಸಾರಜನಕ ಉಂಡ ಭತ್ತ ಗಾಳಿಗೆ ನೆಲಕಚ್ಚುತ್ತದೆ. ಬೆಂಕಿರೋಗಕ್ಕೆ ಸುಲಭದ ತುತ್ತಾಗುತ್ತದೆ. ಉಳಿದುದು ನೈಟ್ರೇಟಾಗಿ ಇಳಿದು ಬಾವಿಯ ನೀರನ್ನು ಸೇರಬಹುದು.

ಈ ಸಂದೇಹವನ್ನು ಅಳತೆಗೆ ತಂದ ಉಪಕರಣಗಳಲ್ಲಿ ಜಪಾನಿನ ಮಿನೋಲ್ಟಾ ಕಂಪೆನಿಯ 'ಸ್ಪ್ಯಾಡ್' ಮಾಪಕವು ಪ್ರಸಿದ್ಧವಾದುದು. ಅಂಗೈಯಲ್ಲಿ ಹಿಡಿಯಬಹುದಾದ ಈ ಯಂತ್ರಕ್ಕೆ ಎಲೆಯನ್ನು ಕಿತ್ತುಕೊಡಬೇಕಾಗಿಲ್ಲ. ಅದರ ಬಾಯಿಯಲ್ಲಿಟ್ಟು ಒತ್ತಿದರಾಯಿತು. 650 ನ್ಯಾನೊಮೀಟರಿನ ಕೆಂಪು ಬೆಳಕೂ 940 ನ್ಯಾನೊಮೀಟರಿನ ಅವಕೆಂಪು ಬೆಳಕೂ ಎಲೆಯ ಮೂಲಕ ಹಾಯುತ್ತವೆ. ಮೊದಲನೆಯದನ್ನು ಪತ್ರಹರಿತ್ತು ಹೀರುತ್ತದೆ, ಎರಡನೆಯದನ್ನು ಹೀರುವುದಿಲ್ಲ. ಎರಡನ್ನೂ ಹೋಲಿಸಿ ಯಂತ್ರವು ಹಸಿರನ್ನು ಅಂಕಿಯಾಗಿ ತೋರಿಸುತ್ತದೆ. ಎಲೆಯ ಸಾರಜನಕದಲ್ಲಿ ಹೆಚ್ಚಿನ ಪಾಲು ಹರಿತ್ಕಣಗಳಲ್ಲಿಯೇ ಇರುವುದರಿಂದ, ಈ ಅಂಕಿಯು ಸಾರಜನಕದ ಸ್ಥಿತಿಯನ್ನೂ ಸೂಚಿಸುತ್ತದೆ.

ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬೇಸಗೆಯ ನಾಟಿ ಭತ್ತದಲ್ಲಿ ಪ್ರಯೋಗ ನಡೆಸಿ, ಅಂಕಿ 35ಕ್ಕಿಂತ ಕೆಳಗಿಳಿದಾಗ ಮಾತ್ರ ಮೇಲುಗೊಬ್ಬರ ಕೊಡುವ ಕ್ರಮವನ್ನು ಸೂಚಿಸಿದರು. ತಳಿಗೂ ಋತುವಿಗೂ ತಕ್ಕಂತೆ ಈ ಗಡಿಯು ಬದಲಾಗುತ್ತದೆ. ಮೇಲ್ಗಡೆ ಪೂರ್ತಿ ಬಿಚ್ಚಿಕೊಂಡ ಎಲೆಯನ್ನೇ ಆರಿಸಿ, ನಡುನರವನ್ನು ಬಿಟ್ಟು, ಹಲವು ಗಿಡಗಳಲ್ಲಿ ಅಳೆದು ಸರಾಸರಿ ತೆಗೆಯಬೇಕು.

ಆದರೂ ಒಂದು ಎಚ್ಚರಿಕೆ ಅವಶ್ಯಕ. ಯಂತ್ರ ಅಳೆಯುವುದು ಹಸಿರನ್ನೇ ಹೊರತು ಹಸಿರು ಕುಗ್ಗಿದ ಕಾರಣವನ್ನಲ್ಲ. ಕಬ್ಬಿಣವೋ ಗಂಧಕವೋ ಸಾಲದಿದ್ದರೂ ಅಂಕಿ ಇಳಿಯುತ್ತದೆ; ಆಗ ಯೂರಿಯಾ ಸುರಿದು ಫಲವಿಲ್ಲ. ಸಾರಜನಕ ಸಾಲದಾದರೆ ಗಿಡವು ಹಳೆಯ ಎಲೆಗಳಿಂದ ಅದನ್ನು ಹೊಸ ಚಿಗುರಿಗೆ ಸಾಗಿಸುವುದರಿಂದ ಬುಡದ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣವನ್ನು ಹಾಗೆ ಸಾಗಿಸಲಾರದು. ಆದುದರಿಂದ ಅದರ ಕೊರತೆ ಎಳೆಯ ಎಲೆಗಳಲ್ಲಿಯೇ ಮೊದಲು ಕಾಣುತ್ತದೆ.

ಮಾಪಕವನ್ನು ಕೊಳ್ಳಲಾರದವರಿಗೆ ಅದೇ ತತ್ತ್ವದ ಅಗ್ಗದ ಸಾಧನವೊಂದುಂಟು. ತಿಳಿಯಿಂದ ಕಡುವಿನವರೆಗಿನ ಹಸಿರು ಬಣ್ಣಗಳುಳ್ಳ ಪ್ಲಾಸ್ಟಿಕ್ ಪಟ್ಟಿಯನ್ನು ತನ್ನ ಮೈಯ ನೆರಳಿನಲ್ಲಿ ಎಲೆಯ ಪಕ್ಕಕ್ಕೆ ಹಿಡಿದು ನೋಡಿದರೆ ಬಿಸಿಲಿನ ಮೋಸ ತಪ್ಪುತ್ತದೆ. ಪಟ್ಟಿಯಾಗಲಿ ಯಂತ್ರವಾಗಲಿ ಮೇಲಿನ ಎಲೆಯ ಸುದ್ದಿಯನ್ನಷ್ಟೇ ಹೇಳುತ್ತದೆ. ಗೊಬ್ಬರದ ಚೀಲ ಬಿಚ್ಚುವ ಮುನ್ನ ಒಮ್ಮೆ ಬಗ್ಗಿ ಬುಡದ ಎಲೆಯನ್ನು ನೋಡುವ ಕೆಲಸ ಬೇಸಾಯಗಾರನದಾಗಿಯೇ ಉಳಿದಿದೆ.