ಹೊರಗೆ ನಿಂತ ತೊಟ್ಟಿಲು

ಡೆನ್ಮಾರ್ಕ್ ದೇಶದ ತಾಯಂದಿರು ಮಗುವನ್ನು ತಳ್ಳುಗಾಡಿಯಲ್ಲಿ ಮಲಗಿಸಿ, ಕಾಫಿ ಅಂಗಡಿಯ ಹೊರಗೆ ಬೀದಿಯಲ್ಲಿಯೇ ನಿಲ್ಲಿಸಿ, ತಾವು ಒಳಗೆ ಕುಳಿತಿರುವುದುಂಟು. ಚಳಿಗಾಲದಲ್ಲಿಯೂ ಇದೇ ವಾಡಿಕೆ. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿ, “ಮಗುವಿಗೆ ದೃಷ್ಟಿ ತಾಗುವುದಿಲ್ಲವೇನೋ?” ಎಂದರು. ಕಳ್ಳರ ಭಯ ಅವರಿಗೆ ಆಮೇಲೆ ಹೊಳೆಯಿತು. ದಾರಿಹೋಕರನ್ನೂ ಪೊಲೀಸರನ್ನೂ ಸರ್ಕಾರವನ್ನೂ ಇಷ್ಟೊಂದು ನಂಬುವ ಜನ ಲೋಕದಲ್ಲಿ ವಿರಳವೇ ಸರಿ.

ಅಲ್ಲಿಗೆ ವಲಸೆ ಬಂದವರಿಗೂ ಮೊದಮೊದಲು ಈ ನಂಬುಗೆ ಅಂಟಿಕೊಳ್ಳುತ್ತದೆ. ಕೈಬಿಸಿ ಮಾಡದೆ ಕಾಗದ ಮುಂದೆ ಸರಿಯದ ದೇಶದಿಂದ ಬಂದವನಿಗೆ, ಲಂಚ ಕೇಳದ ಗುಮಾಸ್ತನು ದೇವರಂತೆ ಕಂಡರೆ ಆಶ್ಚರ್ಯವೇನು?

1995ರಲ್ಲಿ ಆ ನಾಡಿನಲ್ಲಿ ಡೇನಿಷ್ ಪೀಪಲ್ಸ್ ಪಾರ್ಟಿ ಹುಟ್ಟಿತು. ಪರದೇಶದವರನ್ನು ತಡೆಯಬೇಕೆಂಬುದು ಅದರ ಮುಖ್ಯ ಕೂಗು. 2001ರಿಂದ 2011ರವರೆಗೆ ಅದು ಮಂತ್ರಿಮಂಡಲವನ್ನು ಸೇರದೆ ಹೊರಗಿನಿಂದಲೇ ಸರ್ಕಾರಕ್ಕೆ ಬೆಂಬಲವಿತ್ತಿತು. ಬೆಂಬಲಕ್ಕೆ ತಕ್ಕ ಬೆಲೆಯನ್ನೂ ಪಡೆಯಿತು. 2002ರ ನಿಯಮದಂತೆ, ಪರದೇಶದ ಸಂಗಾತಿಯನ್ನು ಕರೆತರಬೇಕಾದರೆ ಗಂಡಹೆಂಡಿರಿಬ್ಬರಿಗೂ 24 ವರ್ಷ ತುಂಬಿರಬೇಕಾಯಿತು. ಎಷ್ಟೋ ದಂಪತಿಗಳು ಜಲಸಂಧಿಯಾಚೆ ಸ್ವೀಡನ್ನಿನ ಮಾಲ್ಮೋ ನಗರದಲ್ಲಿ ಮನೆ ಹೂಡಿ, ಸೇತುವೆ ದಾಟಿ ಕೋಪನ್‌ಹೇಗನ್ನಿಗೆ ಕೆಲಸಕ್ಕೆ ಬರತೊಡಗಿದರು. ಸಂಸಾರಕ್ಕೊಂದು ದೇಶ, ಸಂಬಳಕ್ಕೊಂದು ದೇಶ!

ಗೋಡೆಯ ಮೇಲಿನ ಬೈಗುಳವನ್ನು ವಲಸಿಗನು ಸಹಿಸಿಯಾನು. ಬೈದವರು ಯಾರೆಂಬುದು ಅವನಿಗೆ ಗೊತ್ತು. ಆದರೆ ಅದೇ ಮಾತು ಕಾನೂನಿನ ರೂಪ ತಳೆದು, ನಿನ್ನೆಯವರೆಗೆ ನಗುನಗುತ್ತ ಮಾತನಾಡಿಸುತ್ತಿದ್ದ ಗುಮಾಸ್ತನ ಬಾಯಿಂದ ಹೊರಟರೆ, ಅವನು ಯಾರಲ್ಲಿ ದೂರಿಕೊಳ್ಳಬೇಕು? ಪಕ್ಷವೇನೋ ಕುಗ್ಗಿತು. 2015ರಲ್ಲಿ 37 ಸ್ಥಾನಗಳನ್ನು ಗೆದ್ದದ್ದು 2019ರಲ್ಲಿ 16ಕ್ಕೆ ಇಳಿಯಿತು. ಅಷ್ಟರಲ್ಲಿ ಅದರ ಪಾಠವನ್ನು ದೊಡ್ಡ ಪಕ್ಷಗಳು ಒಪ್ಪಿಸಲು ಕಲಿತಿದ್ದವು. ಆ ವರ್ಷ ಅಧಿಕಾರಕ್ಕೆ ಬಂದ ಸೋಷಿಯಲ್ ಡೆಮೊಕ್ರಾಟರೂ ಬಿಗಿಯಾದ ವಲಸೆನೀತಿಯನ್ನೇ ಹಿಡಿದವರು.

2018ರಲ್ಲಿ ಇನ್ನೊಂದು ಕಾನೂನು ಬಂದಿತು. ಬಡತನ ಮುಂತಾದ ಕಾರಣಗಳಿಂದ ಸರ್ಕಾರದ ಪಟ್ಟಿಗೆ ಸೇರಿದ ಬಡಾವಣೆಗಳಲ್ಲಿ, ವರ್ಷ ತುಂಬಿದ ಮಗು ವಾರಕ್ಕೆ 25 ಗಂಟೆ ಶಿಶುವಿಹಾರದಲ್ಲಿರಬೇಕು. ಭಾಷೆಯನ್ನೂ ನಾಡಿನ ರೀತಿನೀತಿಗಳನ್ನೂ ಕಲಿಯಬೇಕು. ತಪ್ಪಿದರೆ ಮಗುವಿನ ಭತ್ಯಕ್ಕೆ ಸಂಚಕಾರ. ಶಿಶುವಿಹಾರ ಕೆಟ್ಟದ್ದೆಂದು ನಾನು ಹೇಳಲಾರೆ. ಡೇನಿಷ್ ತಾಯಂದಿರೂ ತಮ್ಮ ಮಕ್ಕಳನ್ನು ಸಂತೋಷದಿಂದಲೇ ಕಳುಹಿಸುತ್ತಾರೆ.

ಇದನ್ನೂ ನಮ್ಮ ತಾಯಿಗೆ ಹೇಳಿದೆ. ಅವರು ಅಕ್ಕಿ ಆರಿಸುತ್ತಲೇ, “ಪಕ್ಕದ ಬೀದಿಯವರಿಗೂ ಇದೇ ಕಟ್ಟಳೆಯೇನೋ?” ಎಂದು ಕೇಳಿದರು.

ಅಲ್ಲ ಎಂದೆ.