ಗ್ರಾಫಿಕ್ಸ್ ಕಾರ್ಡಿಗಿಂತ ಮೊದಲು ಧ್ವನಿಮುದ್ರಣ

ಹಳೆಯ ಡೆಸ್ಕ್‌ಟಾಪ್‌ಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದು ಆಟವಾಡುವ ಹುಡುಗರ ಹವ್ಯಾಸವೆಂಬ ಭಾವನೆ ಸಾಮಾನ್ಯ. ಕನ್ನಡ ವಿಭಾಗಕ್ಕೂ ಅದಕ್ಕೂ ಏನು ಸಂಬಂಧವೆಂಬ ಪ್ರಶ್ನೆಗೆ ಕೊಯಮತ್ತೂರು ಜಿಲ್ಲೆಯ ಕಾರಮಡೈ, ಸಿರುಮುಗೈ ಪ್ರದೇಶವೇ ಉತ್ತರ ಹೇಳುತ್ತದೆ.

ಅಲ್ಲಿನ ದೇವಾಂಗ ನೇಕಾರರ, ಒಕ್ಕಲಿಗರ ಮನೆಗಳಲ್ಲಿ ಕನ್ನಡ ತಲೆಮಾರುಗಳಿಂದ ಉಳಿದುಬಂದಿದೆ. ಆದರೆ ಅದು ಬಾಯಿಮಾತಿನ ಕನ್ನಡ. ಶಾಲೆಯಲ್ಲಿ ಕಲಿತ ಅಕ್ಷರ ತಮಿಳಿನದು. ಮಗ್ಗದ ಮಾತು, ಚೌಡೇಶ್ವರಿ ಹಬ್ಬದ ಹಾಡು, ಅಜ್ಜಿಯರ ಗಾದೆ ಬರೆದಿಡುವವರಿಲ್ಲದೆ ಆಡಿದವರೊಡನೆಯೇ ಮರೆಯಾಗುತ್ತಿವೆ.

ಒಂದು ಗಂಟೆಯ ಮಾತನ್ನು ಕೇಳಿ ಕೈಯಿಂದ ಬರೆದಿಳಿಸಲು ಹಲವು ಗಂಟೆಗಳು ಬೇಕು. 2022ರಲ್ಲಿ ಓಪನ್‌ಎಐ ಉಚಿತವಾಗಿ ಹೊರತಂದ ವಿಸ್ಪರ್ ಎಂಬ ತಂತ್ರಾಂಶ ಮಾತನ್ನು ಅಕ್ಷರಕ್ಕಿಳಿಸುತ್ತದೆ. ಕನ್ನಡವೂ ಅದರ ಪಟ್ಟಿಯಲ್ಲಿದೆ. ಸಾವಿರಾರು ಸಣ್ಣ ಲೆಕ್ಕಗಳನ್ನು ಏಕಕಾಲಕ್ಕೆ ಮಾಡಬಲ್ಲ ಗ್ರಾಫಿಕ್ಸ್ ಕಾರ್ಡ್ ಇದ್ದರೆ ಈ ಕೆಲಸ ಬಹು ಬೇಗ ಸಾಗುತ್ತದೆ. ಅದರ ದೊಡ್ಡ ಮಾದರಿಗೆ ಕಾರ್ಡಿನಲ್ಲಿ ಸುಮಾರು 10 ಜಿಬಿ ಸ್ಮೃತಿ ಬೇಕು, ಚಿಕ್ಕದಕ್ಕೆ ಸುಮಾರು 2 ಜಿಬಿ ಸಾಕು.

ಇದಕ್ಕಾಗಿ ಹೊಸ ಗಣಕವನ್ನೇ ಕೊಳ್ಳಬೇಕಿಲ್ಲ. ಆದರೆ ಮದರ್‌ಬೋರ್ಡಿನ ಸ್ಲಾಟ್ ಕೊಡುವ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ಎಸ್‌ಎಂಪಿಎಸ್‌ನಿಂದ ಪ್ರತ್ಯೇಕ ಕೇಬಲ್ ಬರಬೇಕು. ಎಸ್‌ಎಂಪಿಎಸ್‌ನ ಶಕ್ತಿಯನ್ನೂ ಕ್ಯಾಬಿನೆಟ್ಟಿನ ಒಳ ಅಳತೆಯನ್ನೂ ನೋಡದೆ ಕೊಂಡ ಕಾರ್ಡ್ ಪೆಟ್ಟಿಗೆಯಲ್ಲೇ ಉಳಿದೀತು.

ಇದಕ್ಕಿಂತ ದೊಡ್ಡ ತೊಡಕು ಬೇರೆಡೆಯಿದೆ. ವಿಸ್ಪರ್ ಕಲಿತ 6,80,000 ಗಂಟೆಗಳ ಧ್ವನಿಯಲ್ಲಿ ಕನ್ನಡದ ಪಾಲು ತೀರ ಅಲ್ಪ. ತಮಿಳಿನೊಡನೆ ಬೆರೆತು ಬೆಳೆದ ಕಾರಮಡೈ ಸೀಮೆಯ ನುಡಿ ಅದಕ್ಕೆ ಅಪರಿಚಿತವೆಂದೇ ಭಾವಿಸಬೇಕು. ಅದು ಮನೆಮಾತಿನ ರೂಪವನ್ನು ತಪ್ಪಾಗಿ ಕೇಳೀತು, ಇಲ್ಲವೇ ಪುಸ್ತಕದ ರೂಪಕ್ಕೆ ತಿದ್ದೀತು. ಉಳಿಸಬೇಕಾದುದೇ ಆಗ ಅಳಿಸಿಹೋಗುತ್ತದೆ. ಆ ನುಡಿಯನ್ನು ಮನೆಯಲ್ಲಿ ಕೇಳಿ ಬೆಳೆದ ವಿದ್ಯಾರ್ಥಿಯೊಬ್ಬರು ಪಕ್ಕದಲ್ಲಿ ಕುಳಿತು ತಿದ್ದದ ಹೊರತು ಎಷ್ಟು ಬೆಲೆಯ ಕಾರ್ಡೂ ವ್ಯರ್ಥ.

ಆದುದರಿಂದ ಕನ್ನಡ ವಿಭಾಗಗಳು ಕೆಲಸದ ಕ್ರಮವನ್ನು ಮೊದಲು ನಿಶ್ಚಯಿಸಬೇಕು. ಈ ವರ್ಷವೇ ಹಿರಿಯರ ಒಪ್ಪಿಗೆ ಪಡೆದು ಅವರ ಮಾತನ್ನು ಮುದ್ರಿಸಿಕೊಳ್ಳಬೇಕು. ಅದಕ್ಕೆ ಕೈಯಲ್ಲಿರುವ ಮೊಬೈಲ್ ಸಾಕು. ಕೆಲವು ಗಂಟೆಗಳ ಮಾತನ್ನಾದರೂ ಕೈಯಿಂದ ಬರೆದಿಳಿಸಿ, ಯಂತ್ರದ ಬರಹವನ್ನು ಒರೆಹಚ್ಚಲು ಇಟ್ಟುಕೊಳ್ಳಬೇಕು. ಕಾರ್ಡಿನ ಖರೀದಿ ಆಮೇಲಿನದು. ಅದನ್ನು ಮುಂದಿನ ವರ್ಷವೂ ಕೊಳ್ಳಬಹುದು; ಎಂಬತ್ತು ದಾಟಿದ ನೇಕಾರರ ಮಾತು ಮುಂದಿನ ವರ್ಷಕ್ಕೆ ಕಾಯುವುದೆಂಬ ಭರವಸೆಯಿಲ್ಲ.