ದೀಪದ ಹೆಂಗಸಿಗೆ ಬೆಳಕೇ ಹಗೆ!

ಮ್ಯೂಸಿಯಂಗೆ ಹೋಗಿ ಬಂದವರ ಬಾಯಲ್ಲಿ ಒಂದು ದೂರು ಇದ್ದೇ ಇರುತ್ತದೆ. "ಏನ್ ಸ್ವಾಮಿ, ದುಡ್ಡು ಕೊಟ್ಟು ಟಿಕೆಟ್ ತಗೊಂಡು ಒಳಗೆ ಹೋದ್ರೆ ಅರ್ಧಂಬರ್ಧ ಬೆಳಕು. ಮುಟ್ಟಬೇಡಿ ಅಂತಾರೆ, ಹತ್ತಿರ ಹೋಗಬೇಡಿ ಅಂತಾರೆ. ನಾಲ್ಕು ಟ್ಯೂಬ್‌ಲೈಟ್ ಹಾಕೋದಕ್ಕೆ ಇವರಿಗೇನು ಬಡತನ?"

ಕೇಳುವುದಕ್ಕೆ ನ್ಯಾಯವಾಗಿಯೇ ಇದೆ. ಆದರೆ ಆ ಮಬ್ಬಿಗೆ ಒಂದು ಕಾರಣವಿದೆ. ಅದನ್ನು ಯಾರೂ ನಮಗೆ ಬಿಡಿಸಿ ಹೇಳುವುದಿಲ್ಲ. ಹೇಳದೇ ಇರುವುದರಿಂದಲೇ, ಹಳೆಯ ಚಿತ್ರ ಕಾಪಾಡುವುದಕ್ಕೆ ಸರ್ಕಾರ ನಾಲ್ಕು ಕಾಸು ಕೊಡಬೇಕು ಅಂದಾಗ "ಗೋಡೆ ಮೇಲೆ ತೂಗುಹಾಕಿದ್ದಕ್ಕೆ ಖರ್ಚೇನು?" ಎಂಬ ಪ್ರಶ್ನೆ ಏಳುತ್ತದೆ. ಖರ್ಚೇನು ಎಂಬುದನ್ನೇ ಇವತ್ತು ನೋಡೋಣ.

ನಮ್ಮ ಮೈಸೂರಿನ ಉದಾಹರಣೆಯೇ ಸಾಕು. ಜಗನ್ಮೋಹನ ಅರಮನೆ ಕಟ್ಟಿದ್ದು 1861ರಲ್ಲಿ. ಅದು ಚಿತ್ರಶಾಲೆಯಾದದ್ದು 1915ರಲ್ಲಿ. ಊರಿಗೆ ಬಂದ ನೆಂಟರನ್ನು ಅಲ್ಲಿಗೆ ಕರೆದುಕೊಂಡು ಹೋಗುವವರು ತಪ್ಪದೆ ತೋರಿಸುವುದು ಒಂದೇ ಚಿತ್ರ: ದೀಪ ಹಿಡಿದ ಹೆಂಗಸು. ಬೆರಳ ಸಂದಿಯಿಂದ ಬೆಳಕು ಸೋರಿ ಮುಖದ ಮೇಲೆ ಬೀಳುವುದನ್ನು ಕಂಡು, ಹಿಂದುಗಡೆ ಬಲ್ಬು ಇಟ್ಟಿದ್ದಾರೋ ಏನೋ ಎಂದು ಬಗ್ಗಿ ನೋಡಿದವರುಂಟು. ಬಲ್ಬೂ ಇಲ್ಲ, ಗಿಲ್ಬೂ ಇಲ್ಲ. ಅದು ರವಿವರ್ಮನ ಚಿತ್ರ ಎಂದು ಇಂದಿಗೂ ಬಹಳ ಮಂದಿ ನಂಬಿದ್ದಾರೆ. ಅದೂ ತಪ್ಪು. ಬರೆದವರು ಸಾವಂತವಾಡಿಯ ಎಸ್.ಎಲ್. ಹಲ್ದಣಕರ್, 1940ರ ದಶಕದಲ್ಲಿ. ದೀಪ ಹಿಡಿದು ನಿಂತಾಕೆ ಅವರ ಸ್ವಂತ ಮಗಳು.

ಇನ್ನೊಂದು ಸಂಗತಿ ಅದಕ್ಕಿಂತ ಮುಖ್ಯ. ಅದು ಎಣ್ಣೆ ಬಣ್ಣದ ಚಿತ್ರವಲ್ಲ, ಕಾಗದದ ಮೇಲೆ ಬರೆದ ಜಲವರ್ಣ. ಜಲವರ್ಣಕ್ಕೆ ಬೆಳಕಿನಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ದೀಪದ ಚಿತ್ರವನ್ನು ತಿನ್ನುವುದು ಬೆಳಕೇ! ಹಿಂದಿನಿಂದ ಅದನ್ನು ಕತ್ತಲ ಕೋಣೆಯಲ್ಲಿ ತೋರಿಸುವ ವಾಡಿಕೆ ಬಂದಿದೆ. ಸೊಬಗು ಕಾಣಲಿ ಎಂದು ಮಾಡಿದ ಕತ್ತಲೆಯಾದರೂ ಅದು ಚಿತ್ರದ ಆಯಸ್ಸನ್ನೂ ಕಾಯುತ್ತದೆ.

ಬಟ್ಟೆ ಅಂಗಡಿಯವರನ್ನು ಕೇಳಿ

ಬೆಳಕು ಏನು ಮಾಡುತ್ತದೆ ಎಂಬುದಕ್ಕೆ ವಿಜ್ಞಾನಿಯನ್ನು ಕೇಳಬೇಕಾಗಿಲ್ಲ. ಶೋಕೇಸಿನಲ್ಲಿ ತಿಂಗಳುಗಟ್ಟಲೆ ಬಿಟ್ಟ ಸೀರೆಯ ಮಡಿಕೆ ಬಿಚ್ಚಿ ನೋಡಿದ ಯಾವ ಬಟ್ಟೆ ವ್ಯಾಪಾರಿಗೂ ಗೊತ್ತು. ಹೊರಮೈ ಒಂದು ಬಣ್ಣ, ಒಳಮಡಿಕೆ ಇನ್ನೊಂದು ಬಣ್ಣ. ಬಿಸಿಲು ಬೀಳುವ ಗೋಡೆಯ ಹಳೇ ಕ್ಯಾಲೆಂಡರಿನಲ್ಲಿ ಲಕ್ಷ್ಮಿಯ ಕೆಂಪು ಸೀರೆ ಬಿಳಿಚಿ, ಕೊನೆಗೆ ನೀಲಿಯೊಂದೇ ಉಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಹೋದ ಬಣ್ಣ ಮತ್ತೆ ಬರುವುದಿಲ್ಲ. ಯಾವ ತಜ್ಞನೂ ಅದನ್ನು ವಾಪಸು ತರಲಾರ.

ಇದಕ್ಕೆ ಮ್ಯೂಸಿಯಂನವರ ಬಳಿ ಒಂದು ಲೆಕ್ಕವಿದೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುತ್ತಾರೆ. ಜಲವರ್ಣ, ಕಾಗದ, ಬಟ್ಟೆಗಳಿಗೆ ಸುಮಾರು 50 ಲಕ್ಸ್ ಸಾಕು ಎಂಬುದು ಲೋಕದ ಮ್ಯೂಸಿಯಂಗಳು ಪಾಲಿಸುತ್ತ ಬಂದ ರೂಢಿ. ಎಣ್ಣೆ ಬಣ್ಣಕ್ಕಾದರೆ 150ರಿಂದ 200. ನಡು ಮಧ್ಯಾಹ್ನದ ಬಯಲು ಬಿಸಿಲು ಎಷ್ಟು ಗೊತ್ತೇ? ಹತ್ತಿರ ಹತ್ತಿರ 1 ಲಕ್ಷ ಲಕ್ಸ್! ಗುಣಾಕಾರ ಮಾಡಿ ನೋಡಿ. ಒಂದು ಗಂಟೆಯ ಬಿಸಿಲು 50 ಲಕ್ಸಿನ 2,000 ಗಂಟೆಗೆ ಸಮ. ದಿನಕ್ಕೆ 8 ಗಂಟೆ ಬಾಗಿಲು ತೆಗೆಯುವ ಮ್ಯೂಸಿಯಂನಲ್ಲಿ ಅದು 250 ದಿನ. ಅಂದರೆ ಹೆಚ್ಚುಕಮ್ಮಿ ವರ್ಷದ ಆಯಸ್ಸು ಒಂದೇ ಗಂಟೆಯಲ್ಲಿ ಖರ್ಚು. ಬಿಸಿಲಿನಲ್ಲಿರುವ ನೇರಳಾತೀತ ಕಿರಣದ ಹಾನಿ ಬೇರೆ.

ಹಾಗಾದರೆ ಕ್ಯಾಮೆರಾ ಫ್ಲ್ಯಾಷು? ನಿಜ ಹೇಳಬೇಕೆಂದರೆ ಒಂದು ಫ್ಲ್ಯಾಷಿನಿಂದ ಆಗುವ ಹಾನಿ ಅತ್ಯಲ್ಪ. ದಿನವಿಡೀ ತೆರೆದ ಕಿಟಕಿಯೇ ದೊಡ್ಡ ಕಳ್ಳ. ಆ ಕಳ್ಳನನ್ನು ಹಿಡಿಯುವುದಕ್ಕೆ ಬೇಕಾದದ್ದು ಒಂದು ದಪ್ಪ ಪರದೆ, ಅದನ್ನು ಹೊತ್ತುಹೊತ್ತಿಗೆ ಎಳೆಯುವ ಒಬ್ಬ ನೌಕರ. ಇಷ್ಟೇ.

ಮಳೆಗಾಲದ ಕಾಟ

ಎರಡನೆಯ ಶತ್ರು ತೇವ. ಮಳೆಗಾಲದಲ್ಲಿ ಅಂಗಡಿಯ ಬೆಲ್ಲ ಜಿನುಗುವುದು, ಚಪ್ಪಲಿಗೆ ಬೂಸ್ಟು ಹಿಡಿಯುವುದು ಎಲ್ಲರೂ ಕಂಡದ್ದೇ. ಗಾಳಿಯ ತೇವಾಂಶ ನೂರಕ್ಕೆ 65 – 70 ದಾಟಿ ಹಾಗೇ ನಿಂತರೆ ಕಾಗದಕ್ಕೂ ಕ್ಯಾನ್ವಾಸಿಗೂ ಬೂಸ್ಟು ತಪ್ಪಿದ್ದಲ್ಲ. ಬೇಸಗೆಯಲ್ಲಿ ಒಣಗಿ, ಮಳೆಯಲ್ಲಿ ಉಬ್ಬಿ, ಹಿಗ್ಗಿ ಕುಗ್ಗಿ ಕ್ಯಾನ್ವಾಸು ದಣಿಯುತ್ತದೆ. ಅದರ ಮೇಲಿನ ಬಣ್ಣ ಅದರೊಡನೆ ಹಿಗ್ಗಲಾರದೆ ಬಿರುಕು ಬಿಡುತ್ತದೆ. ಆಮೇಲೆ ಸಿಪ್ಪೆ ಏಳುತ್ತದೆ.

"ಎ.ಸಿ. ಹಾಕಿಸಿದರಾಯಿತಪ್ಪ" ಎನ್ನುವವರಿದ್ದಾರೆ. ಇಲ್ಲೇ ಇರುವುದು ಮೋಸ. ಬೆಳಗ್ಗೆ ಎ.ಸಿ. ಹಾಕಿ, ಕರೆಂಟ್ ಬಿಲ್ಲಿಗೆ ಹೆದರಿ ಸಂಜೆ ಆರಿಸಿದರೆ ಚಿತ್ರಕ್ಕೆ ದಿನಕ್ಕೊಂದು ಬೇಸಗೆ, ದಿನಕ್ಕೊಂದು ಮಳೆಗಾಲ! ಎ.ಸಿ. ಇಲ್ಲದೇ ಇದ್ದರೇ ವಾಸಿ. ಚಿತ್ರಕ್ಕೆ ಬೇಕಾದದ್ದು ತಂಪಲ್ಲ, ಏರುಪೇರಿಲ್ಲದ ಸ್ಥಿತಿ. ದಪ್ಪ ಗೋಡೆ, ಎತ್ತರದ ಸೂರು ಇರುವ ಹಳೆಯ ಕಟ್ಟಡ ಆ ಕೆಲಸವನ್ನು ಬಿಟ್ಟಿಯಾಗಿ ಅರ್ಧ ಮಾಡಿಕೊಡುತ್ತದೆ, ಸೋರುವ ಹೆಂಚನ್ನು ಮಳೆಗೆ ಮೊದಲು ಬದಲಾಯಿಸುವವರು ಇದ್ದರೆ.

ಮೂರನೆಯದು ಹುಳ. ಗೆದ್ದಲು, ನುಸಿ, ಅಂಟು ಹುಡುಕಿಕೊಂಡು ಕಾಗದ ಕೆರೆಯುವ ಬೆಳ್ಳಿ ಬಣ್ಣದ ಹುಳ. ಈ ವಿದ್ಯೆಯಲ್ಲಿ ನಮ್ಮ ಹಿರಿಯರು ದಡ್ಡರಾಗಿರಲಿಲ್ಲ. ಓಲೆಗರಿಯ ಕಟ್ಟಿನ ಜೊತೆ ಬೇವಿನ ಸೊಪ್ಪು, ಬಜೆ ಇಟ್ಟು ಬಟ್ಟೆಯಲ್ಲಿ ಸುತ್ತಿಡುತ್ತಿದ್ದರು. ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯ 1891ರಷ್ಟು ಹಳೆಯದು. ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದದ್ದು ಅಲ್ಲಿಯೇ. 1909ರಲ್ಲಿ ಅದು ಅಚ್ಚಾಯಿತು. ಅಷ್ಟು ಶತಮಾನ ಲೋಕಕ್ಕೆ ಕಾಣೆಯಾಗಿದ್ದ ಗ್ರಂಥ ಉಳಿದದ್ದು ಹೇಗೆ? ಹೆಸರಿಲ್ಲದ ಯಾರೋ ಅದರ ಧೂಳು ಕೊಡವಿದ್ದರಿಂದ, ಹುಳ ಬೀಳದಂತೆ ನೋಡಿಕೊಂಡಿದ್ದರಿಂದ. ಇಂದಿಗೂ ಓಲೆಗರಿ ಒಣಗಿ ಮುರಿಯದಿರಲೆಂದು ಸಿಟ್ರೊನೆಲ್ಲಾ ಎಣ್ಣೆ ಸವರುತ್ತಾರೆ; ಅದರ ವಾಸನೆಗೆ ಹುಳವೂ ದೂರ. ಹಿಂದೊಮ್ಮೆ ಮ್ಯೂಸಿಯಂಗಳು ಡಿ.ಡಿ.ಟಿ., ಪಾಷಾಣ ಬಳಸಿ ನೌಕರರ ಆರೋಗ್ಯಕ್ಕೇ ಕುತ್ತು ತಂದವು. ಈಗ ಹುಳ ಬಿದ್ದ ವಸ್ತುವನ್ನು ಕಡು ಶೀತದಲ್ಲಿಟ್ಟೋ, ಸಾರಜನಕ ತುಂಬಿದ ಚೀಲದಲ್ಲಿ ಉಸಿರು ಕಟ್ಟಿಸಿಯೋ ಹುಳವನ್ನಷ್ಟೇ ಕೊಲ್ಲುವ ವಿದ್ಯೆ ಬಂದಿದೆ.

ರಿಪೇರಿ ಎಂಬ ಅಪಾಯ

ಇಷ್ಟೆಲ್ಲ ಆದರೂ ಚಿತ್ರ ಹಾಳಾಯಿತು ಅನ್ನಿ. ಆಗ ಯಾರನ್ನು ಕರೆಯಬೇಕು? ಸೈನ್ ಬೋರ್ಡ್ ಬರೆಯುವವರನ್ನಂತೂ ಅಲ್ಲ. ಸ್ಪೇನ್ ದೇಶದ ಬೋರ್ಹಾ ಎಂಬ ಊರಿನಲ್ಲಿ 2012ರಲ್ಲಿ ನಡೆದದ್ದು ನೆನಪಿರಬಹುದು. ಗೋಡೆ ಮೇಲಿನ ಏಸುವಿನ ಚಿತ್ರ ಸಿಪ್ಪೆ ಏಳುತ್ತಿದೆ ಎಂದು ಭಕ್ತೆಯಾದ ಒಬ್ಬ ವೃದ್ಧೆ ಒಳ್ಳೆಯ ಮನಸ್ಸಿನಿಂದ ಬಣ್ಣ ಹಚ್ಚಿದರು. ಮುಖ ಕೋತಿಯ ಹಾಗಾಯಿತೆಂದು ಲೋಕವೆಲ್ಲ ನಕ್ಕಿತು. ನಗುವ ಮೊದಲು ನಮ್ಮ ಹಳೆಯ ದೇವಸ್ಥಾನಗಳನ್ನೂ ಒಮ್ಮೆ ನೋಡಿಕೊಳ್ಳಬೇಕು. ಕೆತ್ತನೆಯ ಕಂಬಕ್ಕೆ ಸುಣ್ಣ, ಶಿಲ್ಪಕ್ಕೆ ಎನಾಮಲ್ ಪೇಂಟು ಬಳಿದ ಜೀರ್ಣೋದ್ಧಾರಗಳು ನಮ್ಮಲ್ಲಿ ಕಡಿಮೆಯೇ?

ಬಲ್ಲವರ ನಿಯಮ ಸರಳ. ಹಚ್ಚಿದ್ದನ್ನು ನಾಳೆ ಇನ್ನೊಬ್ಬ ತೆಗೆಯುವಂತಿರಬೇಕು. ಬರೆದವನ ಕೈ ಮೇಲೆ ರಿಪೇರಿಯವನ ಕೈ ಹೋಗಬಾರದು. ಏನು ಮಾಡಿದೆವೆಂದು ಬರೆದಿಡಬೇಕು. ಇದಕ್ಕೆ ತರಬೇತಾದ ಜನ ಬೇಕು. ಲಖನೌದಲ್ಲಿ 1976ರಲ್ಲಿ ಕೇಂದ್ರ ಸರ್ಕಾರ ಸ್ಥಾಪಿಸಿದ ಸಂರಕ್ಷಣಾ ಪ್ರಯೋಗಾಲಯಕ್ಕೆ ನಮ್ಮ ಮೈಸೂರಿನಲ್ಲೇ ಪ್ರಾದೇಶಿಕ ಶಾಖೆ ಇದೆ ಎಂಬುದು ಊರಿನ ಎಷ್ಟು ಜನಕ್ಕೆ ಗೊತ್ತು? ಕೇಳಿದರೆ ದಾರಿ ತೋರಿಸುವವರೂ ವಿರಳ.

ಬೆಂಕಿ ಮತ್ತು ಸ್ಟಾಕ್ ಬುಕ್ಕು

ಬೆಂಕಿಯ ಮಾತು ಮೈಸೂರಿಗೆ ಹೊಸದಲ್ಲ. 1897ರಲ್ಲಿ ರಾಜಕುಮಾರಿಯ ಮದುವೆಯ ಸಡಗರದಲ್ಲೇ ಹಳೆಯ ಮರದ ಅರಮನೆ ಸುಟ್ಟುಹೋಯಿತು. ಈಗಿನ ಅರಮನೆ 1912ರಲ್ಲಿ ಮುಗಿಯುವ ತನಕ ರಾಜಮನೆತನಕ್ಕೆ ಆಸರೆಯಾದದ್ದು ಇದೇ ಜಗನ್ಮೋಹನ. ದಿಲ್ಲಿಯ ರಾಷ್ಟ್ರೀಯ ನಿಸರ್ಗ ವಿಜ್ಞಾನ ಮ್ಯೂಸಿಯಂ 2016ರ ಏಪ್ರಿಲ್‌ನಲ್ಲಿ ಬೆಂಕಿಗೆ ಆಹುತಿಯಾಯಿತು.

ಎಲ್ಲಕ್ಕಿಂತ ದೊಡ್ಡ ಪಾಠ ಬ್ರೆಜಿಲ್‌ನದು. ರಿಯೋ ನಗರದ ರಾಷ್ಟ್ರೀಯ ಮ್ಯೂಸಿಯಂ 1818ರಲ್ಲಿ ಹುಟ್ಟಿದ್ದು, ಸುಮಾರು 2 ಕೋಟಿ ವಸ್ತುಗಳ ಕಣಜ. ವರ್ಷಗಟ್ಟಲೆ ನಿರ್ವಹಣೆ ಹಣ ಪೂರ್ತಿ ಕೊಡದೆ ಸತಾಯಿಸಿದರು. 2018ರ ಜೂನ್‌ನಲ್ಲಿ ಸರ್ಕಾರಿ ಬ್ಯಾಂಕೊಂದು ದುರಸ್ತಿಗೆ ನೆರವು ಒಪ್ಪಿಕೊಂಡಿತು. ಹಣ ಕೈಗೆ ಬರುವ ಮೊದಲೇ ಸೆಪ್ಟೆಂಬರ್ 2ರ ರಾತ್ರಿ ಬೆಂಕಿ ಬಂತು. ಹೊತ್ತಿಕೊಂಡದ್ದು ಒಂದು ಎ.ಸಿ. ಯಂತ್ರದಿಂದ ಎಂದು ತನಿಖೆಯಲ್ಲಿ ಕಂಡುಬಂತು. ಅಗ್ನಿಶಾಮಕದವರು ಓಡಿಬಂದರೆ ಹತ್ತಿರದ ನಲ್ಲಿಗಳಲ್ಲಿ ನೀರಿಲ್ಲ! ಬೆಳಗಾಗುವಾಗ ಬಹುಪಾಲು ಬೂದಿ.

ಕಳ್ಳತನದ್ದು ಇನ್ನೊಂದು ಕಥೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಸುಮಾರು 2,000 ವಸ್ತು ಕಳುವಾಗಿವೆ, ಕಾಣೆಯಾಗಿವೆ ಅಥವಾ ಹಾಳಾಗಿವೆ ಎಂದು 2023ರಲ್ಲಿ ಬಯಲಾಯಿತು. ನಿರ್ದೇಶಕರು ರಾಜೀನಾಮೆ ಕೊಟ್ಟರು. ಇಷ್ಟು ಕಾಲ ಗೊತ್ತಾಗಲಿಲ್ಲವೇಕೆ? ಅವುಗಳಲ್ಲಿ ಬಹಳಷ್ಟು ಸಣ್ಣ ರತ್ನ, ಒಡವೆಗಳು ಪಟ್ಟಿಗೇ ಸರಿಯಾಗಿ ಸೇರಿರಲಿಲ್ಲ. ವರ್ಷಕ್ಕೊಮ್ಮೆ ಸ್ಟಾಕ್ ತೆಗೆಯದ ಕಿರಾಣಿ ಅಂಗಡಿ ಎಷ್ಟು ದಿನ ನಡೆದೀತು, ನೀವೇ ಹೇಳಿ. ಫೋಟೋ ಸಮೇತ ಪಟ್ಟಿ ಮಾಡಿ, ಆಗಾಗ್ಗೆ ತಾಳೆ ನೋಡುವುದು ಗುಮಾಸ್ತಗಿರಿಯಲ್ಲ, ಕಾವಲು.

ಈಗ ಸಾರ ಹೇಳುತ್ತೇವೆ. ರವಿವರ್ಮನ ಕೃತಿಗಳು ರಾಷ್ಟ್ರದ ಕಲಾ ಸಂಪತ್ತು ಎಂದು 1979ರಲ್ಲೇ ಸರ್ಕಾರ ಘೋಷಿಸಿತು. ದೇಶದಾಚೆ ಮಾರುವ ಹಾಗಿಲ್ಲ. ಸರಿಯೇ. ಆದರೆ ಗಡಿ ದಾಟದಂತೆ ತಡೆಯುವ ಕಾನೂನಿಗೆ ಬೂಸ್ಟು ತಡೆಯಲು ಬರುವುದಿಲ್ಲ. ಬಿಸಿಲಿಗೆ ನೋಟೀಸು ಕೊಡುವವರಿಲ್ಲ. ಅದಕ್ಕೆ ಮನುಷ್ಯರೇ ಬೇಕು. ಪರದೆ ಎಳೆಯುವವ, ಹೆಂಚು ನೋಡುವವ, ಪಟ್ಟಿ ಬರೆಯುವವ, ವೈರಿಂಗು ಪರೀಕ್ಷಿಸುವವ. ಇವರ ಸಂಬಳ ದೊಡ್ಡ ಮೊತ್ತವಲ್ಲ. ಆದರೆ ಈ ಕೆಲಸಕ್ಕೆ ಉದ್ಘಾಟನೆ ಇಲ್ಲ, ಹಾರ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸುವಂತಿಲ್ಲ. ಚೆನ್ನಾಗಿ ನಡೆದರೆ ಏನೂ ಆಗಿಲ್ಲವೆಂಬಂತೆ ಕಾಣುತ್ತದೆ. ಏನೂ ಆಗದಿರುವುದೇ ಅದರ ಫಲ! ಅದಕ್ಕೇ ಬಜೆಟ್ಟಿನಲ್ಲಿ ಕತ್ತರಿ ಮೊದಲು ಬೀಳುವುದು ಇಲ್ಲಿಗೇ.

ಆದ್ದರಿಂದ ಮುಂದಿನ ಸಲ ನಮ್ಮ ಜಿಲ್ಲೆಯಲ್ಲಾಗಲಿ ಪಕ್ಕದ ಜಿಲ್ಲೆಯಲ್ಲಾಗಲಿ ಕೋಟಿ ಲೆಕ್ಕದ ಮ್ಯೂಸಿಯಂ ಕಟ್ಟಡಕ್ಕೆ ಶಂಕುಸ್ಥಾಪನೆ ಎಂದು ಬ್ಯಾನರು ಕಂಡರೆ, ವೇದಿಕೆ ಮೇಲಿನ ಮಹನೀಯರನ್ನು ನಾಲ್ಕೇ ಪ್ರಶ್ನೆ ಕೇಳಿ. ಕಾಯಂ ನೌಕರರು ಎಷ್ಟು? ವಸ್ತುಗಳ ಪಟ್ಟಿ ಪೂರ್ತಿಯಾಗಿದೆಯೇ? ಬೆಂಕಿ ಆರಿಸುವ ಡಬ್ಬದ ತಾರೀಖು ಮುಗಿದಿಲ್ಲವಷ್ಟೇ? ಮಳೆಗೆ ಮೊದಲು ಸೂರು ಹತ್ತಿ ನೋಡುವುದು ಯಾರು?

ಟೇಪು ಕತ್ತರಿಸುವವರಿಗೆ ಈ ನಾಡಿನಲ್ಲಿ ಬರವಿಲ್ಲ. ಪರದೆ ಎಳೆಯುವವರು ಬೇಕಾಗಿದ್ದಾರೆ.